ಜಮಾಲಸಾಬರು ಹಬ್ಬಿಸಿದ ಮುಳ್ಳುಗಿಡ

ಸಾಂತಾಕ್ರೂಜ್ ಪೂರ್ವದಲ್ಲಿರುವ ನಮ್ಮ ಸೊಸೈಟಿಗೆ ಒಂದು ತೋಟದ ಕಮಿಟಿ ಇದೆ. ಅದಕ್ಕೆ ಅಧ್ಯಕ್ಷನೂ ನಾನೇ, ಸದಸ್ಯನೂ ನಾನೇ. ಉಳಿದ ನಲವತ್ತೇಳು ಮನೆಯವರಿಗೆ ತೋಟವೆಂದರೆ ಕಾರು ನಿಲ್ಲಿಸಲು ಬಿಡದ ಜಾಗ, ಅಷ್ಟೇ. ವಿಮೆ ಕಂಪನಿಯಲ್ಲಿ ಮೂವತ್ತನಾಲ್ಕು ವರ್ಷ ಕೂತು ಬೇರೆಯವರ ಅರ್ಜಿಯಲ್ಲಿ ತಪ್ಪು ಹುಡುಕಿದವನು ನಾನು. ನಿವೃತ್ತಿಯಾದ ಮೇಲೆ ಹುಡುಕಲು ಸಿಕ್ಕಿದ್ದು ಕಾಂಪೌಂಡಿನ ಉದ್ದಕ್ಕೂ ಇರುವ ನೂರಡಿ ಮಣ್ಣು, ಮತ್ತು ಅದನ್ನು ನೋಡಿಕೊಳ್ಳುವ ಮಾಲಿ ಜಮಾಲಸಾಬರು. ಹನ್ನೆರಡು ವರ್ಷದಲ್ಲಿ ಆ ಮನುಷ್ಯನ ಕೆಲಸದಲ್ಲಿ ಒಂದೇ ಒಂದು ತಪ್ಪಾಯಿತು. ಅದನ್ನು ನಾನು ತಪ್ಪೆಂದು ತಿಳಿಯದೆ ಹೊಗಳಿಬಿಟ್ಟೆ.

ಜಮಾಲಸಾಬರು ಕಲಘಟಗಿ ಕಡೆಯವರು. ಹತ್ತೊಂಬತ್ತನೇ ವಯಸ್ಸಿಗೆ ಸೋದರಮಾವನ ಬೆನ್ನು ಹಿಡಿದು ಬೊರಿವಲಿಯ ಒಂದು ನರ್ಸರಿಗೆ ಬಂದರು. ಇಪ್ಪತ್ತೈದು ವರ್ಷ ಅಲ್ಲಿ ಕುಂಡಕ್ಕೆ ಮಣ್ಣು ತುಂಬಿ, ಕಲಂ ಕಟ್ಟಿ, ಆಮೇಲೆ ಒಂದೊಂದೇ ಸೊಸೈಟಿ ಹಿಡಿದು ಮಾಲಿಯಾದರು. ವಡಾಲದ ಚಾಳೊಂದರ ಎರಡನೇ ಮಹಡಿಯಲ್ಲಿ ಅವರ ಖೋಲಿ. ಹಾರ್ಬರ್ ಲೋಕಲ್ ಹಿಡಿದು ಬೆಳಿಗ್ಗೆ ಎಂಟಕ್ಕೆ ನಮ್ಮ ಗೇಟಿನೊಳಗೆ ಇರುತ್ತಿದ್ದರು. ಬಂದ ಮೊದಲ ದಿನ ನಲ್ಲಿಯಿಂದ ಪೈಪು ಕಳಚಿ ನೀರೆಲ್ಲ ಮೈಮೇಲೆ ಹಾರಿದಾಗ ಅವರು ಪೈಪಿಗೆ ಬೈದದ್ದು ಕನ್ನಡದಲ್ಲಿ. ಮೊದಲ ಮಹಡಿಯ ಕಿಟಕಿಯಿಂದ ಅದನ್ನು ಕೇಳಿ ನಾನು ಚಪ್ಪಲಿಯನ್ನೂ ಮೆಟ್ಟದೆ ಕೆಳಗಿಳಿದು ಹೋದೆ.

"ಕನ್ನಡದವರೇನ್ರೀ?" ಎಂದೆ.

"ಹೌದ್ರಿ. ನೀವು ಮೈಸೂರು ಕಡ್ಯಾವ್ರೇನು? ಭಾಳ ನಾಜೂಕ್ ಮಾತಾಡ್ತೀರಿ, ಪುಸ್ತಕ ಓದಿದಂಗ."

ಆವತ್ತಿನಿಂದ ನಾನು ಅವರಿಗೆ 'ರಾಯರು', ಅವರು ನನಗೆ ಜಮಾಲಸಾಬ್ರು. ನಾನು ತಲೆ ತಿನ್ನುವುದು, ಅವರು ತಲೆಯಾಡಿಸುವುದು, ಹೀಗೆ ನಮ್ಮ ಸ್ನೇಹ ನಡೆಯಿತು.

ಕಾಂಪೌಂಡಿನ ಬುಡದಲ್ಲಿ ನೆಲ ಇಳಿಜಾರು. ಪ್ರತಿ ಮಳೆಗಾಲ ಅಲ್ಲಿಯ ಮಣ್ಣು ಕೊಚ್ಚಿಕೊಂಡು ಗೇಟಿನವರೆಗೆ ಬರುತ್ತಿತ್ತು. ಹುಲ್ಲು ಹಾಕಿಸಿದೆವು, ಎರಡು ಸಲ ಒಣಗಿತು. ನಾನು ರೇಗಿ, "ಏನು ಮಾಡ್ತೀರೋ ನನಗೆ ಗೊತ್ತಿಲ್ಲ, ಇಲ್ಲಿ ಅಂಗೈಯಗಲ ಮಣ್ಣು ಕಾಣಬಾರದು" ಎಂದೆ. ಜಮಾಲಸಾಬರು ಹಳೆಯ ನರ್ಸರಿಗೆ ಹೋಗಿ ಹದಿನೆಂಟು ಗಿಡ ತಂದರು. ಕ್ಯಾರಿಸಾ ಅಂತ ಅದರ ಹೆಸರು. ಮೊಣಕಾಲೆತ್ತರವೂ ಬೆಳೆಯದೆ ನೆಲಕ್ಕಂಟಿಕೊಂಡೇ ಸುತ್ತ ಹರಡುವ ಗಿಡ. ದಪ್ಪನೆಯ ಹೊಳೆಯುವ ಎಲೆ, ಮಲ್ಲಿಗೆಯಂಥ ಬಿಳಿ ಹೂವು, ತುದಿಯಲ್ಲಿ ಎರಡಾಗಿ ಸೀಳಿದ ಮುಳ್ಳು, ಕೆಂಪು ಹಣ್ಣು. ಊರ ಕಡೆ ಬೇಸಿಗೆಯಲ್ಲಿ ಗುಡ್ಡದಿಂದ ತಂದು ತಿನ್ನುವ ಕವಳಿ ಹಣ್ಣಿನ ಹತ್ತಿರದ ನೆಂಟ ಇದು ಎಂದು ಅವರೇ ಹೇಳಿದರು.

ಗಿಡ ತಾನಾಗಿ ಹರಡಲು ಬಿಟ್ಟರೆ ಹತ್ತು ವರ್ಷ ಬೇಕು. ಜಮಾಲಸಾಬರಿಗೆ ಅದಕ್ಕೊಂದು ದಾರಿ ಗೊತ್ತಿತ್ತು. ಉದ್ದವಾದ ಕೊಂಬೆಯನ್ನು ಬಗ್ಗಿಸಿ, ನೆಲಕ್ಕೆ ತಾಗುವ ಕಡೆ ಉಗುರಿನಿಂದ ಸ್ವಲ್ಪ ತೊಗಟೆ ಕೆರೆದು, ಅದರ ಮೇಲೆ ಹಿಡಿ ಮಣ್ಣು ಹಾಕಿ ಒಂದು ಕಲ್ಲು ಹೇರುವುದು. ಒಂದು ಮಳೆಗೆ ಅಲ್ಲಿ ಬೇರು ಬಿಡುತ್ತದೆ, ಅಲ್ಲಿಂದ ಹೊಸ ಗಿಡ. ಮಾಲಿಗಳ ಬಾಯಲ್ಲಿ ಅದು ದಾಬ್ ಕಲಂ. ಮೂರು ಮಳೆಗಾಲದಲ್ಲಿ ಹದಿನೆಂಟು ಗಿಡ ನೂರಡಿ ಮುಚ್ಚಿತು. ಬೇರೆ ಸೊಸೈಟಿಯವರು ಬಂದು ಫೋಟೋ ತೆಗೆದುಕೊಂಡು ಹೋದರು. ಆ ಫೋಟೋಗಳಲ್ಲಿ ಗಿಡದ ಪಕ್ಕ ನಿಂತವನು ನಾನು, ಜಮಾಲಸಾಬರಲ್ಲ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಅವರ ಹೆಂಡತಿ ಗುಲಶನರನ್ನು ನಾನು ನೋಡಿದ್ದು ಎರಡೇ ಸಲ. ಒಂದು ಭಾನುವಾರ ಗಂಡನಿಗೆ ಬುತ್ತಿ ತಂದವರು ಇಳಿಜಾರಿನ ಹತ್ತಿರ ಕೂತು, ಚೆನ್ನಾಗಿ ಮಾಗಿದ ಹಣ್ಣೊಂದನ್ನು ಕಿತ್ತು ಬಾಯಿಗೆ ಹಾಕಿಕೊಂಡರು. "ಬಣ್ಣ ಐತಿ, ಹುಳಿ ಇಲ್ಲ. ನಮ್ಮ ಕವಳಿ ಹಣ್ಣಿನ ಮುಂದ ಇದೇನ್ ಹಣ್ರಿ" ಎಂದು ಮೂಗು ಮುರಿದರು. ಆದರೂ ಬೀಜಗಳನ್ನು ಉಗಿಯದೆ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೋಗಿ ಗ್ಯಾಲರಿಯಲ್ಲಿ ಪೇಂಟಿನ ಡಬ್ಬಿಯೊಂದರಲ್ಲಿ ಊರಿದರಂತೆ. ಒಂದು ಹುಟ್ಟಿತಂತೆ.

ಐದು ವರ್ಷದ ಹಿಂದೆ, ಮೇ ಕೊನೆಯಲ್ಲಿ, ಗುಲಶನ ಎದೆನೋವು ಎಂದರು. ಮೂರನೇ ದಿನಕ್ಕೆ ಇರಲಿಲ್ಲ. ಜಮಾಲಸಾಬರು ನಾಲ್ಕು ದಿನ ಬರಲಿಲ್ಲ, ಐದನೇ ದಿನ ಎಂಟು ಗಂಟೆಗೆ ಬಂದು ಪೊರಕೆ ಹಿಡಿದರು. ನನ್ನ ಹೆಂಡತಿ ಸುಮಿತ್ರಾ ಕೆಳಗೆ ಕಾಫಿ ಕಳಿಸಿದಳು. ನಾನು ಏನೋ ಕೇಳಬೇಕು ಎಂದುಕೊಂಡು ಕೇಳಲಾಗದೆ, ನೀರು ಸರಿಯಾಗಿ ಬಿದ್ದಿಲ್ಲ ನೋಡಿ ಎಂದೆ. ಅಂಥ ಸಮಯದಲ್ಲಿ ನನ್ನ ಬಾಯಿಂದ ಇಂಥದ್ದೇ ಬರುವುದು.

ಜಮಾಲಸಾಬರ ಮಗಳು ಸೈಮಾ ಮದುವೆಯಾಗಿ ಮೀರಾರೋಡಿನಲ್ಲಿದ್ದಾಳೆ. ನನಗೆ ಫೋನು ಮಾಡಿ, "ಅಂಕಲ್, ನೀವಾದ್ರೂ ಅಬ್ಬಾಕೋ ಸಮಝಾಯಿಸ್ರಿ. ನಮ್ಮ ಮನೀಗೆ ಬಾ ಅಂತ ಕಿತ್ನೀ ಬಾರ್ ಹೇಳೀನಿ, ಸುನ್ತೇ ಹೀ ನಹೀಂ, ಕೇಳೂದ ಇಲ್ಲ" ಎಂದಳು. ನಾನು ಹೇಳಿದೆ. ಜಮಾಲಸಾಬರು ಕತ್ತರಿ ಒರೆಸುತ್ತಾ ಕೇಳಿಸಿಕೊಂಡರು.

"ಖೋಲಿಯೊಳಗ ಈಗ ಯಾರೂ ಕೆಮ್ಮೂದಿಲ್ರಿ ರಾಯರ" ಎಂದರು. "ಅಕಿಗೆ ಯಾವಾಗ್ಲೂ ಕೆಮ್ಮಿತ್ತು. ನಾ ಬೈತಿದ್ದೆ. ಈಗ ಎದ್ದು ಕುಂತ್ರ ಒಂದು ಸಪ್ಪಳ ಇಲ್ಲ. ಆದ್ರ ಅಲ್ಲಿಂದ ಕಬರಸ್ತಾನ ಎರಡ ಸ್ಟಾಪ್ ಐತಿ. ಮೀರಾರೋಡಿಂದ ಹ್ಯಾಂಗ ಬರ್ಲಿ?"

ಮುಂಬೈಯಲ್ಲಿ ಬದುಕಿರುವವರಿಗೇ ಜಾಗವಿಲ್ಲ, ಸತ್ತವರಿಗೆ ಎಲ್ಲಿಂದ ಬರಬೇಕು. ಗೋರಿಗೆ ಕಲ್ಲು ಕಟ್ಟುವಂತಿಲ್ಲ. ಮಣ್ಣಿನ ದಿಬ್ಬ, ತಲೆಯ ಕಡೆ ತಗಡಿನ ನಂಬರು, ಅಷ್ಟೇ. ಕೆಲವು ವರ್ಷ ಕಳೆದು ಮಣ್ಣು ಮಣ್ಣಿಗೆ ಸೇರಿದ ಮೇಲೆ ಅದೇ ಜಾಗವನ್ನು ಇನ್ನೊಬ್ಬರಿಗಾಗಿ ತೆರೆಯುತ್ತಾರೆ. ಆದರೆ ಮನೆಯವರು ಕೇಳಿಕೊಂಡರೆ, ಗುರುತು ತೋರಿಸಿದರೆ, ಆ ಜಾಗವನ್ನು ಅದೇ ಮನೆಯವರಿಗೆಂದು ಬಿಡುವ ಪದ್ಧತಿ ಅಲ್ಲಿತ್ತು. ಜಮಾಲಸಾಬರು ಬೇಡಿದ್ದು ಇಷ್ಟೇ. ತಮ್ಮ ಸರದಿ ಬಂದಾಗ ಗುಲಶನ ಮಲಗಿದ ಜಾಗದಲ್ಲೇ ತಮ್ಮನ್ನು ಮಲಗಿಸಬೇಕು. ಕಬರಸ್ತಾನ ನೋಡಿಕೊಳ್ಳುವ ಮುಬಾರಕ ಸಿಂದಗಿ ಕಡೆಯವನು, ಭಾಷೆಯ ಸಲುಗೆಯೂ ಇತ್ತು, ಒಪ್ಪಿಕೊಂಡ.

ಗೋರಿಯ ಮೇಲೆ ಹಸಿರು ಇರಬೇಕು, ಹಸಿರು ಇರುವ ತನಕ ಒಳಗಿರುವವರಿಗೆ ತಂಪು ಎಂಬುದು ಅವರ ನಂಬಿಕೆ. ಎಲ್ಲರೂ ಕಾಮಕಸ್ತೂರಿ ಬೀಜ ಚೆಲ್ಲುತ್ತಾರೆ. ಜಮಾಲಸಾಬರು ಪೇಂಟಿನ ಡಬ್ಬಿಯ ಗಿಡವನ್ನು ತೆಗೆದುಕೊಂಡು ಹೋಗಿ ಹೆಂಡತಿಯ ತಲೆಯ ಕಡೆ ನೆಟ್ಟರು. ಮುಳ್ಳಿನ ಗಿಡ, ಯಾರೂ ತುಳಿಯುವುದಿಲ್ಲ, ತಪ್ಪಿ ಯಾರೂ ಅಗೆಯುವುದಿಲ್ಲ ಎಂಬ ಲೆಕ್ಕಾಚಾರವೂ ಇತ್ತು. ವರ್ಷವಾಗುವಷ್ಟರಲ್ಲಿ ತುಕ್ಕು ಹಿಡಿದ ತಗಡಿನ ಅಂಚು ಎಳೆಯ ಕೊಂಬೆಗೆ ಉಜ್ಜಿ ಗಾಯ ಮಾಡತೊಡಗಿತು. ಮಾಲಿಯ ಕಣ್ಣಿಗೆ ಅದು ತಡೆದುಕೊಳ್ಳುವಂಥದ್ದಲ್ಲ. ತಗಡನ್ನು ಕಿತ್ತುಬಿಟ್ಟರು.

"ತಗಡು ತುಕ್ಕ ಹಿಡಿತೈತಿ ರಾಯರ, ಗಿಡಕ್ಕೆಲ್ಲಿ ತುಕ್ಕು? ಅದ ಗುರ್ತು" ಎಂದು ನನಗೆ ಹೇಳಿದರು.

"ಭೇಷ್! ಮಾಲಿ ಅಂದ್ರೆ ಹೀಗಿರಬೇಕು" ಎಂದೆ. ನಾನು ಹೊಗಳಿದ ತಪ್ಪು ಅದೇ.

ವಾರಕ್ಕೆರಡು ಸಲ ಅವರು ಅಲ್ಲಿಗೆ ಹೋಗುತ್ತಿದ್ದರು. ದುವಾ ಮುಗಿದ ಮೇಲೂ ಏಳಲು ಮನಸ್ಸಾಗುತ್ತಿರಲಿಲ್ಲ. ಖೋಲಿಗೆ ಹೋಗಿ ಮಾಡುವುದೇನಿದೆ? ಕೂತು ಗುಲಶನರ ಜೊತೆ ಮಾತಾಡುತ್ತಿದ್ದರು, ಟೊಮೆಟೊ ರೇಟು, ಸೈಮಾಳ ಹೊಸ ಫ್ರಿಜ್ಜು, ರಾಯರ ಕಿರಿಕಿರಿ. ಆದರೆ ಮಾಲಿಯ ಕೈ ಸುಮ್ಮನಿರುವುದಿಲ್ಲ. ಬಾಯಿ ಮಾತಾಡುತ್ತಿರುವಾಗ ಕೈ ಒಂದು ಕೊಂಬೆಯನ್ನು ಬಗ್ಗಿಸಿ, ತೊಗಟೆ ಕೆರೆದು, ಮಣ್ಣು ಹಾಕಿ, ಕಲ್ಲು ಹೇರುತ್ತಿತ್ತು. ಗುಲಶನರ ದಿಬ್ಬ ಮುಚ್ಚಿತು. ಪಕ್ಕದ ಗೋರಿಗೆ ಯಾರೂ ಬರುತ್ತಿರಲಿಲ್ಲ, ಅದು ಬಿರುಕು ಬಿಟ್ಟು ಬೋಳಾಗಿ ಬಿದ್ದಿತ್ತು. ಪಾಪ ಎನಿಸಿ ಒಂದು ಕೊಂಬೆಯನ್ನು ಆ ಕಡೆಗೂ ಇಳಿಸಿದರು. ಅದರಾಚೆಯದಕ್ಕೂ ಯಾರೂ ಇರಲಿಲ್ಲ. ಹೀಗೆ ಐದು ಮಳೆಗಾಲ ನಡೆಯಿತು. ಅಂಗೈಯಗಲ ಮಣ್ಣು ಕಾಣಬಾರದು ಎಂದು ನಾನು ಸಾವಿರ ಸಲ ಹೇಳಿದ್ದು ಅವರ ಕೈಗೆ ಹತ್ತಿಬಿಟ್ಟಿತ್ತು.

ಈ ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಜಮಾಲಸಾಬರು ಬಂದು ಪೊರಕೆ ಹಿಡಿಯದೆ ಕಟ್ಟೆಯ ಮೇಲೆ ಕೂತರು. ಹನ್ನೆರಡು ವರ್ಷದಲ್ಲಿ ಅವರು ಕೆಲಸದ ಹೊತ್ತಿನಲ್ಲಿ ಕೂತದ್ದನ್ನು ನಾನು ನೋಡಿರಲಿಲ್ಲ. ಬೈಯಲು ಬಾಯಿ ತೆರೆದವನು ಮುಖ ನೋಡಿ ಪಕ್ಕದಲ್ಲಿ ಕೂತೆ.

"ಮುಬಾರಕ ಹೇಳಿ ಕಳಿಸ್ಯಾನ್ರಿ. ಮಳಿ ಬರೂದ್ರೊಳಗ ನಮ್ಮ ಸಾಲು ತೆರೀತಾರಂತ. ನಿಮ್ಮ ಮನ್ಯಾಕಿದು ಯಾವುದು ಅಂತ ತೋರಿಸಿ ಹೋಗ್ರಿ, ಅದೊಂದು ಬಿಡ್ತೀನಿ ಅಂದ. ನಿನ್ನೆ ಹೋಗಿ ನಿಂತೆ." ಕಟ್ಟೆಯ ಮೇಲಿನ ಒಣ ಎಲೆಯೊಂದನ್ನು ಕೈಯಿಂದ ಸರಿಸಿದರು. "ನಂಗ ಗೊತ್ತಾಗ್ಲಿಲ್ರಿ."

"ಏನು ಗೊತ್ತಾಗಲಿಲ್ಲ?"

"ಯಾವುದು ಅಂತ."

ನನಗೆ ಅರ್ಥವಾಗಲು ಎರಡು ನಿಮಿಷ ಬೇಕಾಯಿತು. ವಾರಕ್ಕೆರಡು ಸಲ ಹೋಗುವವರು, ಕಣ್ಣು ಮುಚ್ಚಿದರೂ ಕಾಲು ಅಲ್ಲಿಗೇ ಹೋಗಬೇಕಲ್ಲವೇ ಎಂದೆ. ಕಾಲು ಹಸಿರಿನ ಅಂಚಿಗೆ ಹೋಗುತ್ತಿತ್ತಂತೆ. ವರ್ಷದಿಂದ ವರ್ಷಕ್ಕೆ ಅಂಚು ಸರಿದಂತೆ ಅವರು ಕೂರುವ ಜಾಗವೂ ಸರಿದಿತ್ತು. ಬಿಡಿಸಿ ನೋಡಬೇಕಾದ ಅಗತ್ಯ ಯಾವತ್ತೂ ಬಂದಿರಲಿಲ್ಲ.

"ನೀವು ಬರ್ರಿ ರಾಯರ. ತಪ್ಪು ಹುಡುಕೂದ್ರಾಗ ನಿಮ್ಮಷ್ಟು ಶ್ಯಾಣ್ಯಾ ಯಾರದಾರ?"

ತಮಾಷೆ ಮಾಡಿದರೋ ನಿಜವಾಗಿ ಹೇಳಿದರೋ ತಿಳಿಯಲಿಲ್ಲ. ಮಾರನೆಯ ಬೆಳಿಗ್ಗೆ ತಲೆಗೆ ಕರವಸ್ತ್ರ ಕಟ್ಟಿಕೊಂಡು ಅವರ ಹಿಂದೆ ಹೋದೆ. ಸುಮಿತ್ರಾ ನನ್ನ ಹಳೆಯ ಬೂಟು ಹುಡುಕಿ ಕೊಟ್ಟಿದ್ದಳು.

ಗೋಡೆಯ ಪಕ್ಕದ ಆ ಸಾಲನ್ನು ನೋಡಿದಾಗ ನನಗೆ ಮೊದಲು ಬಂದದ್ದು ಸಂತೋಷ, ಸುಳ್ಳೇಕೆ ಹೇಳಲಿ. ಸುತ್ತ ಎಲ್ಲ ಮೇ ತಿಂಗಳ ಒಣ ಮಣ್ಣು, ಇದೊಂದು ಮಾತ್ರ ನಲವತ್ತಡಿ ಉದ್ದಕ್ಕೂ ದಟ್ಟ ಹಸಿರು, ನಡುನಡುವೆ ಬಿಳಿ ಹೂವು, ಕೆಂಪು ಹಣ್ಣು. ನಮ್ಮ ಸೊಸೈಟಿಯದಕ್ಕಿಂತ ಚೆನ್ನಾಗಿತ್ತು. ಆಮೇಲೆ ಸಾಲಿನುದ್ದಕ್ಕೂ ಕಣ್ಣು ಹಾಯಿಸಿದೆ. ಎಲ್ಲಿ ಒಂದು ಗೋರಿ ಮುಗಿದು ಇನ್ನೊಂದು ಶುರುವಾಗುತ್ತದೆಂದು ಯಾರೂ ಹೇಳುವಂತಿರಲಿಲ್ಲ.

ಮುಬಾರಕ ರಿಜಿಸ್ಟರು ತಂದ. ಗುಲಶನರ ಹೆಸರು, ತಾರೀಖು, ಸಾಲಿನ ನಂಬರು ಇತ್ತು. ಆ ಸಾಲಿನಲ್ಲಿ ಹನ್ನೊಂದು ಜನ ಎಂದಿತ್ತು. ಯಾರ ಪಕ್ಕ ಯಾರು ಎಂದಿರಲಿಲ್ಲ, ಖಾಲಿ ಸಿಕ್ಕ ಕಡೆ ಹೂಳಿದ್ದರಿಂದ ತಾರೀಖಿನಿಂದಲೂ ತಿಳಿಯುವಂತಿರಲಿಲ್ಲ, ಅದಕ್ಕೆಂದೇ ತಗಡಿನ ನಂಬರು ಇರುವುದು. ಉಳಿದ ಹತ್ತರಲ್ಲಿ ಕೆಲವು ತಗಡುಗಳು ಗಿಡದ ಕೆಳಗೆ ಸಿಕ್ಕವು. ಪುಡಿ ತುಕ್ಕು, ಒಂದಂಕಿಯೂ ಇರಲಿಲ್ಲ.

"ತಾಯಿಗಿಡ ಹುಡುಕೂಣು" ಎಂದರು ಜಮಾಲಸಾಬರು. ಕಲ್ಲು ಹೇರಿ ಬೇರು ಬಿಡಿಸಿದ ಗಿಡಕ್ಕೆ ಮೇಲುಮೇಲೆ ನಾರುಬೇರು ಇರುತ್ತದೆ. ಬೀಜದಿಂದ ಹುಟ್ಟಿದ್ದಕ್ಕೆ ಮಾತ್ರ ನೆಟ್ಟಗೆ ಕೆಳಗಿಳಿದ ಒಂದು ಬೇರು. ಗುಲಶನ ಬೀಜ ಊರಿ ಬೆಳೆಸಿದ್ದು ಒಂದೇ ಗಿಡ, ಅದು ಸಿಕ್ಕಿದರೆ ಅಲ್ಲೇ ಗುಲಶನ. ನನಗೆ ಜೀವ ಬಂದಂತಾಯಿತು. ಎಂಟು ಗಂಟೆಗೆ ಶುರು ಮಾಡಿದೆವು. ಅವರು ಒಂದೊಂದು ಕೊಂಬೆಯನ್ನೂ ಹಿಂದಕ್ಕೆ ಬೆನ್ನಟ್ಟಿ ಹೋಗಿ, ತಾವೇ ಹೇರಿದ ಕಲ್ಲನ್ನು ಎತ್ತಿ, ಬುಡದ ಮಣ್ಣನ್ನು ಬೆರಳಿನಿಂದ ಬಿಡಿಸಿ ನೋಡುವರು. ನಾನು ಕತ್ತರಿ ಹಿಡಿದು ಹಿಂದೆ. ಬಟ್ಟೆ ಹರಿಯಿತು, ಕೈಯೆಲ್ಲ ಮುಳ್ಳು, ಕೊಂಬೆಯ ಹಾಲು ಮೆತ್ತಿ ಬೆರಳು ಅಂಟಂಟು. ಕಲ್ಲು ಎತ್ತಿದಲ್ಲೆಲ್ಲ ನಾರುಬೇರು. ಹನ್ನೊಂದೂವರೆಗೆ ಸಾಲಿನ ಕೊನೆ ಮುಟ್ಟಿದೆವು. ತಾಯಿಗಿಡ ಇರಲಿಲ್ಲ.

ಜಮಾಲಸಾಬರು ಮಣ್ಣಾದ ಕೈಗಳನ್ನು ಮುಂದೆ ಹಿಡಿದು ನೋಡುತ್ತಾ ಕೂತುಬಿಟ್ಟರು.

"ಹೋದ ವರ್ಷ ಇಲ್ಲಿ ಮೂರ್ ದಿನ ನೀರು ನಿಂತಿತ್ತು" ಎಂದರು. "ಐದಾರು ಗಿಡ ಕೊಳತಿದ್ವು. ಸತ್ತ ಗಿಡ ಮ್ಯಾಲ ಕಂಡ್ರ ಚೊಲೊ ಕಾಣ್ಸೂದಿಲ್ಲ ಅಂತ ನಾನ ಕಿತ್ತು ಒಗದೆ. ಬಾಜೂದ್ದು ಎಳದು ಆ ಸಂದು ಮುಚ್ಚಿದೆ. ಅದ್ರಾಗ ಒಂದು..." ಅವರ ದನಿ ಸಣ್ಣದಾಯಿತು. "ಅದ್ರಾಗ ಒಂದು ಭಾಳ ಬಿಗಿ ಇತ್ರಿ ರಾಯರ. ಎರಡೂ ಕೈ ಹಾಕಿ ಜಗ್ಗಿದೆ. ಬೇರು ಉದ್ದಕ ನೆಟ್ಟಗ ಬಂತು. ಕೈ ನೆನಪೈತಿ. ಎಲ್ಲಿ ಅಂತ ನೆನಪಿಲ್ಲ."

ನಾನು ತಪ್ಪು ಹುಡುಕುವವನು. ನನ್ನದೂ ಅದರಲ್ಲಿ ಪಾಲಿತ್ತು. ಸತ್ತ ಗಿಡ ಒಂದು ದಿನವೂ ನಿಲ್ಲಬಾರದು ಎಂದು ಅವರಿಗೆ ಕಲಿಸಿದವನು, ಪ್ರತಿ ಸೋಮವಾರ ಇಳಿಜಾರಿನಲ್ಲಿ ನಿಂತು ಬೆರಳು ತೋರಿಸಿದವನು ಇನ್ಯಾರು? ಅದನ್ನು ಹೇಳಿದೆ. ಅವರು ಬೆರಳಿಗೆ ಮೆತ್ತಿದ ಹಾಲನ್ನು ಉಜ್ಜುತ್ತಲೇ ಇದ್ದರು.

ಮುಬಾರಕ ಒಳ್ಳೆಯವನು. ಹತ್ತಿರ ಬಂದು ಕುಕ್ಕರುಗಾಲಿನಲ್ಲಿ ಕೂತ. "ಚಾಚಾ, ಯಾಕ ಇಷ್ಟ ತ್ರಾಸ ಮಾಡ್ಕೋತೀರಿ? ಯಾವುದಾರ ಒಂದರ ಮ್ಯಾಲ ಕೈ ಇಡ್ರಿ. ಇದ ನಮ್ಮಾಕಿದು ಅನ್ರಿ. ನಾ ಬರ್ಕೋತೀನಿ, ಅದು ನಿಮ್ಮ ಹೆಸರಿಗೆ ಆತು. ಯಾರ್ ಕೇಳವ್ರು ಇದ್ದಾರ?"

ನನಗೂ ಅದೇ ಸರಿ ಎನಿಸಿತು. ಹನ್ನೊಂದರಲ್ಲಿ ಒಂದು. ಮನಸ್ಸಿಗೆ ಸಮಾಧಾನವಾದರೆ ಸಾಲದೇ? "ನಡುವಿಂದು ತೋರಿಸಿಬಿಡಿ ಜಮಾಲಸಾಬ್ರೆ. ನೀವು ಶುರು ಮಾಡಿದ್ದು ನಡುವಿನಲ್ಲೇ ಇರಬೇಕು, ಎರಡೂ ಕಡೆ ಹಬ್ಬಿದೆಯಲ್ಲ" ಎಂದೆ.

ಹನ್ನೆರಡು ವರ್ಷದಲ್ಲಿ ಮೊದಲ ಸಲ ಅವರು ನನ್ನ ಮೇಲೆ ಸಿಟ್ಟಾದರು.

"ಏನ್ ಮಾತಾಡ್ತೀರಿ? ಅದು ಅಕಿದಲ್ಲ ಅಂದ್ರ? ಅಕಿನ ತೆಗದು ಅಲ್ಲಿ ಬ್ಯಾರೇದವ್ರನ ಇಡ್ತಾರ, ನಾ ಇಲ್ಲಿ ಯಾರೋ ಪರಕೀ ಹೆಣ್ಣಮಗಳ ಜಾಗದಾಗ ಹೋಗಿ ಮಲಗ್ಲ್ಯಾ? ಬಾಜೂ ಖೋಲಿಯಾಕಿಗೆ ನಾಕ ಕರಿಬೇವಿನ ಎಸಳು ಕೊಟ್ಟಿದ್ದಕ್ಕ ಎರಡ ದಿನ ಮಾತು ಬಿಟ್ಟಿದ್ಲು ಅಕಿ."

ಮುಬಾರಕನಿಗೆ ನಗು ಬಂತು. ನನಗೂ ಬಂತು. ಜಮಾಲಸಾಬರೂ ಸ್ವಲ್ಪ ನಕ್ಕರು, ನಗುತ್ತಲೇ ಮುಖ ಕಿವುಚಿಕೊಂಡಿತು. ಟೋಪಿ ತೆಗೆದು ಅದರಿಂದಲೇ ಕಣ್ಣು ಒತ್ತಿಕೊಂಡರು. ನಾನು ಗೋಡೆಯ ಕಡೆ ತಿರುಗಿ ಬೂಟಿನ ಮುಳ್ಳು ಕೀಳುತ್ತಾ ನಿಂತೆ.

ಆಮೇಲೆ ಅವರು ಎದ್ದರು. "ಎಲ್ಲಾ ತೆರೀರಿ ಮುಬಾರಕ" ಎಂದರು. "ನಂದು ಅಂತ ಒಂದೂ ಬಿಡಬ್ಯಾಡ್ರಿ. ನನ್ನ ಸರದಿ ಬಂದಾಗ ಎಲ್ಲಿ ಜಾಗ ಇರ್ತೈತೋ ಅಲ್ಲಿಡ್ರಿ."

"ಚಾಚಾ..."

"ಅಗಿಯೋರಿಗೆ ಮುಳ್ಳು ಚುಚ್ತಾವು. ಇದನ್ನ ನಾನ ತೆಗದು ಕೊಡ್ತೀನಿ."

ಬೇಡವೆಂದರೂ ಕೇಳಲಿಲ್ಲ. ನೆಟ್ಟವನೇ ಕೀಳಬೇಕು, ಬೇರೆಯವರು ಕಿತ್ತರೆ ಬೇರು ಒಳಗೇ ಉಳಿದು ಮತ್ತೆ ಚಿಗುರುತ್ತದೆ ಎಂದರು. ನೆತ್ತಿಯ ಮೇಲೆ ಬಿಸಿಲು, ಕಬರಸ್ತಾನದಲ್ಲಿ ನಾವು ಮೂವರೇ. ಒಂದು ತುದಿಯಿಂದ ಕಡಿಯುತ್ತಾ, ಬುಡಕ್ಕೆ ಗುದ್ದಲಿ ಹಾಕುತ್ತಾ, ಬೇರು ಸಮೇತ ಎತ್ತುತ್ತಾ ಅವರು ಹೋದರು. ಹಣ್ಣು ನೆಲಕ್ಕುದುರಿ ಕಾಲಿಗೆ ಸಿಕ್ಕಿ ಜಜ್ಜಿಹೋಗುತ್ತಿತ್ತು. ಮುಬಾರಕ ಮತ್ತು ನಾನು ಕಡಿದದ್ದನ್ನು ಎಳೆದು ಗೋಡೆಯ ಬುಡಕ್ಕೆ ರಾಶಿ ಹಾಕಿದೆವು. ಮೂರು ಗಂಟೆಯ ಹೊತ್ತಿಗೆ ಸಾಲು ಬೋಳಾಯಿತು. ಒಂದು ಚಿಗುರೂ ಉಳಿಸಿರಲಿಲ್ಲ, ಕೆಲಸದಲ್ಲಿ ಅವರು ಯಾವತ್ತೂ ಹಾಗೆಯೇ. ದಿಬ್ಬಗಳೆಲ್ಲ ಎಂದೋ ಕುಸಿದು ಸಪಾಟಾಗಿದ್ದವು. ತಗ್ಗಿನ ಗುರುತು ಹಿಡಿದು ಮುಬಾರಕ ಎಣಿಸಿದ, ಹನ್ನೊಂದಿತ್ತು.

ಜಮಾಲಸಾಬರು ನಲ್ಲಿಯಲ್ಲಿ ಕೈಕಾಲು ಮುಖ ತೊಳೆದು ಬಂದರು. ಹೊರಡುವಾಗ ಹೆಂಡತಿಗೆ ಸಲಾಮು ಹೇಳಿ ಹೋಗುವುದು ಅವರ ರೂಢಿ. ಎಲ್ಲಿ ನಿಂತು ಹೇಳಬೇಕೆಂದು ತಿಳಿಯದೆ ಒಂದು ಗಳಿಗೆ ಅತ್ತಿತ್ತ ನೋಡಿದರು. ಆಮೇಲೆ ಮೊದಲನೆಯದರ ಹತ್ತಿರ ಹೋಗಿ ನಿಂತು, "ಗುಲಶನ, ಬರ್ತೇನಿ" ಎಂದರು. ಎರಡು ಹೆಜ್ಜೆ ಸರಿದು ಎರಡನೆಯದರ ಹತ್ತಿರ ನಿಂತು, "ಗುಲಶನ, ಬರ್ತೇನಿ" ಎಂದರು. ಪ್ರತಿಯೊಂದರ ಹತ್ತಿರವೂ ಅಷ್ಟೇ ಮಾತು, ಒಂದರಲ್ಲೂ ಅವಸರ ಮಾಡಲಿಲ್ಲ. ಹನ್ನೊಂದನೆಯದರ ಹತ್ತಿರ ಮಾತ್ರ ಹೇಳಿ ಮುಗಿಸಿದ ಮೇಲೂ ನಿಂತೇ ಇದ್ದರು, ಅಲ್ಲಿಂದ ಮುಂದೆ ಸಾಲು ಇರಲಿಲ್ಲ.